ಕರಿನೂಲಿನ ಗಂಟು

ಡೊಳ್ಳಿನ ಹಾಡು ಒಬ್ಬರ ಸೊತ್ತಲ್ಲ. ಎದುರಿಗೆ ಇನ್ನೊಬ್ಬ ಬೇಕು. ಇಷ್ಟು ಸಣ್ಣ ಮಾತು ಮುಂಬಯಿಯ ಸರಕಾರಕ್ಕೆ ತಿಳಿಯಲಿಲ್ಲ ಅಂತ ನಾನು ಬೈಯುವುದಿಲ್ಲ, ಅವರಿಗೆ ನೂರೆಂಟು ಕೆಲಸ. ಆದರೆ ಆ ಮಾತನ್ನು ತಾಯಿಯ ಹಾಲಿನ ಜೊತೆ ಕುಡಿದು ಬೆಳೆದ ಸತ್ಯಪ್ಪನಿಗೂ ಒಂದು ಗಳಿಗೆ ಮರೆತುಹೋಯಿತಲ್ಲ, ಅದಕ್ಕೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮದು ಗಡಹಿಂಗ್ಲಜ ತಾಲೂಕಿನಲ್ಲಿ ಮಹಾಗಾಂವದ ಆಚೆಗಿರುವ ಕುರುಬರ ವಾಡಿ. ನಡುವೆ ಒಂದು ಹಳ್ಳ. ಹಳ್ಳದ ಈಚೆಗೆ ಸತ್ಯಪ್ಪನ ಮೇಳ, ಆಚೆಗೆ ಕಾಡಪ್ಪನ ಮೇಳ. ಸತ್ಯಪ್ಪನ ಹೆಂಡತಿ ತಾರವ್ವ ಕಾಡಪ್ಪನ ಸ್ವಂತ ಅಕ್ಕ. ತಾಯಿ ಬೇಗ ಸತ್ತದ್ದರಿಂದ ತಮ್ಮನನ್ನು ತೊಟ್ಟಿಲಿನಿಂದ ಎತ್ತಿ ಬೆಳೆಸಿದವಳು ಅವಳೇ. ಹೀಗಾಗಿ ಸತ್ಯಪ್ಪ, ಕಾಡಪ್ಪ ಒಂದೇ ತಾಟಿನಲ್ಲಿ ಉಣ್ಣುವಷ್ಟು ಹತ್ತಿರದವರು. ಆದರೆ ಬೀರದೇವರ ಗುಡಿಯ ಮುಂದೆ ಡೊಳ್ಳು ಕಟ್ಟಿಕೊಂಡು ನಿಂತರೆಂದರೆ ಹಾವು ಮುಂಗುಸಿ. ನಾನು ಸತ್ಯಪ್ಪನ ಮೇಳದಲ್ಲಿ ತಾಳ ಬಾರಿಸುವವನು. ಹೊಟ್ಟೆಪಾಡಿಗೆ ಇಚಲಕರಂಜಿಯ ಪಾವರ್‌ಲೂಮಿನಲ್ಲಿ ದುಡಿಯುತ್ತಿದ್ದೆ, ದೇವರ ದಿನಗಳಿಗೆ ಮಾತ್ರ ಊರಿಗೆ ಬರುತ್ತಿದ್ದೆ.

ಹಳ್ಳದ ಎರಡೂ ದಂಡೆಗೆ ಸೇರಿದ ಒಂದು ಕಟ್ಟಳೆ ಇತ್ತು. ಬೇರೆ ಕಡೆ ಇದೆಯೋ ಇಲ್ಲವೋ ನಾನರಿಯೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಬೇಕು. ಎದುರಿನ ಮೇಳಕ್ಕೆ ಅಲ್ಲೇ ಜವಾಬು ಹೊಳೆಯದಿದ್ದರೆ, ಸವಾಲು ಹಾಕಿದವನು ಅವರ ಡೊಳ್ಳಿನ ಹಗ್ಗಕ್ಕೆ ಕರಿಕುರಿಯ ಉಣ್ಣೆಯ ನೂಲಿನಿಂದ ಒಂದು ಗಂಟು ಹಾಕುತ್ತಾನೆ. ಮುಂದೆ ಯಾವತ್ತಾದರೂ ಜವಾಬು ಹೊಳೆದಾಗ, ಅವನ ಎದುರಿಗೆ ಮುಖಕ್ಕೆ ಮುಖ ಕೊಟ್ಟು ಹಾಡಬೇಕು. ಹಾಡು ಕಿವಿಗೆ ಬಿದ್ದು ಒಪ್ಪಿಗೆಯಾದರೆ ಹಾಕಿದ ಕೈಯೇ ಗಂಟು ಬಿಚ್ಚಬೇಕು. ಅಲ್ಲಿಯತನಕ ಆ ಡೊಳ್ಳು ದೇವರ ಮುಂದೆ ಸಪ್ಪಳ ಮಾಡುವಂತಿಲ್ಲ. ಒಮ್ಮೆ ಹಾಡಿದ ಜವಾಬು ಎಂಜಲು. ಅದನ್ನು ಮತ್ತೆ ಬಡಿಸುವಂತಿಲ್ಲ. ಗಂಟು ಹಾಕಿದವನು ಬಿಚ್ಚದೆ ಸತ್ತರೆ ಡೊಳ್ಳು ಗುಡಿಯ ತೊಲೆಗೆ ಏರುತ್ತದೆ, ಆ ಮನೆತನದ ಸೇವೆ ಅಲ್ಲಿಗೆ ಮುಗಿಯಿತು. ನಮ್ಮ ಗುಡಿಯ ತೊಲೆಗೆ ಅದುವರೆಗೆ ಒಂದು ಡೊಳ್ಳೂ ಏರಿರಲಿಲ್ಲ. ಇದನ್ನು ಸತ್ಯಪ್ಪ ಬೀಗರ ಮುಂದೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದ.

ಎಂಬತ್ತೆರಡರ ದೀಪಾವಳಿಗೆ ಕಾಡಪ್ಪ ಗಂಟು ಹಾಕಿದ. ಅವನ ಸವಾಲು ಹೀಗಿತ್ತು:

ಆಡ ಹುಟ್ಟಿರಲಿಲ್ಲ, ಆಡಿನ ತೊಗಲಿರಲಿಲ್ಲ,
ಡೊಳ್ಳೆಂಬೊ ಮಾತ ಹುಟ್ಟಿರಲಿಲ್ಲ,
ಕೂಸ ಬೀರಣ್ಣ ಕುಣಿದಾನ ಯಾವ ಸಪ್ಪಳಕ,
ಬಲ್ಲಂಥ ಜಾಣ ಹೇಳೊ.

ಸತ್ಯಪ್ಪ ತಲೆ ಕೆರೆದುಕೊಂಡ. ಆಚೆ ದಂಡೆಯವರು ಭಂಡಾರದ ಅರಿಸಿನ ಹಾರಿಸಿ ನಕ್ಕರು. ಕಾಡಪ್ಪ ಹಳದಿ ಕೈಯಿಂದಲೇ ನೂಲು ಹೊಸೆದು ಭದ್ರವಾಗಿ ಗಂಟು ಬಿಗಿದ. "ಮಾಮಾ, ಹಲ್ಲಿಗೆ ಸಿಗಂಗಿಲ್ಲ ಹಂತಾ ಗಂಟ ಹಾಕೇನಿ ನೋಡು" ಅಂದ. ತಾರವ್ವ ಇಬ್ಬರಿಗೂ ಚಾ ಕೊಟ್ಟು, "ಇಬ್ಬರಿಗೂ ಬ್ಯಾರೆ ಉದ್ಯೋಗ ಇಲ್ಲ" ಅಂತ ಒಳಗೆ ಹೋದಳು. ನನ್ನ ಬಾಳಿನಲ್ಲಿ ಅಷ್ಟು ಸುಖದ ದೀಪಾವಳಿ ಮತ್ತೆ ಬರಲಿಲ್ಲ.

ಮರುವರ್ಷ ಗಡಹಿಂಗ್ಲಜದ ಪುಢಾರಿ ತಾನಾಜಿ ಬಂದ. ಖಾದಿ ಜುಬ್ಬ, ಬಗಲಲ್ಲಿ ಚೀಲ, ಊರಿನ ಯಾವ ಕಟ್ಟೆಯ ಮೇಲೆ ಕೂತರೂ ಅದೇ ಕಚೇರಿ. ಸರಕಾರ ಮಾಯವಾಗುತ್ತಿರುವ ಕಲೆಗಳಿಗೆ ಮರುಜೀವ ಕೊಡಲಿಕ್ಕೆ ಅನುದಾನ ತೆಗೆದಿದೆ, ಆರಿಸಿದ ಮೇಳಕ್ಕೆ ಹೊಸ ಡೊಳ್ಳು, ಪೋಷಾಕು, ಕಲಾವಿದರಿಗೆ ತಿಂಗಳ ಗೌರವಧನ, ಅವರ ಮಾತಿನಲ್ಲಿ ಮಾನಧನ, ಅಂತ ಹೇಳಿದ. ಮಾನಧನ ಅನ್ನುವ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ? ಎರಡೂ ಮೇಳದಲ್ಲಿ ಅರ್ಧ ಜನ ಇಚಲಕರಂಜಿಯ ಮಗ್ಗದ ಪಾಲಾಗಿದ್ದರು. ತಿಂಗಳಿಗೊಂದು ಕೂಳಿನ ದಾರಿ ಊರಲ್ಲೇ ಆದರೆ ನಾವು ತಿರುಗಿ ಬರಬಹುದಿತ್ತು, ಮತ್ತೆ ಕುರಿ ಮೇಯಿಸಬಹುದಿತ್ತು, ಮತ್ತೆ ಹಾಡಬಹುದಿತ್ತು.

"ಆದ್ರ ತಾಲೂಕಿಗೆ ಒಂದ ಮೇಳ" ಅಂದ ತಾನಾಜಿ.

"ಒಂದ ಮೇಳ ತಗೊಂಡು ಏನ ಮಾಡತಾರ್ರಿ ಅವರು?" ಅಂತ ಕಾಡಪ್ಪ ಕೇಳಿದ. "ಒಂದ ಎತ್ತಿಲೆ ಗಾಡಿ ನಡೀತೈತೇನ?"

"ನಿಯಮ ಐತಿ, ನಾನೇನ ಮಾಡ್ಲಿ? ಇಬ್ಬರೂ ಕೂಡಿ ಒಂದ ಹೆಸರ್ಲೆ ಬರ್ರಿ. ಒಳಗ ಹೆಂಗ ಬೇಕಾದ್ರೂ ಹಾಡ್ಕೋರಿ. ಮೇಳಕ್ಕ ಯಜಮಾನ ಒಬ್ಬ ಇರಬೇಕು, ಅಷ್ಟ."

ವಯಸ್ಸಿನಲ್ಲಿ ಹಿರಿಯ ಅಂತ ಸತ್ಯಪ್ಪನ ಹೆಸರು ಹೇಳಿದವನು ಸ್ವತಃ ಕಾಡಪ್ಪ. ಇದು ಮರೆಯಬಾರದ ಮಾತು. ಆಗ ಸತ್ಯಪ್ಪನ ಮುಖ ಅರಳಿತು. "ಜವಾಬು ಸಿಕ್ಕೈತೋ ಕಾಡಪ್ಪ" ಅಂದ. "ಕೊಲ್ಲಾಪುರದಾಗ ದೊಡ್ಡ ಮಂದಿ ಮುಂದ ನಿನಗ ಹೇಳ್ತೇನಿ. ಅಲ್ಲೇ ಬಿಚ್ಚು." ಕಾಡಪ್ಪ ಒಪ್ಪಿದ. ಅವನಿಗೂ ಆ ಜವಾಬು ಕೇಳುವ ಆಸೆಯಿತ್ತು.

ಕೊಲ್ಲಾಪುರದ ನಾಟ್ಯಗೃಹ ದೊಡ್ಡದು. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದದ್ದಕ್ಕೆ ಬಾಗಿಲು ಕಾಯುವವನು ನಕ್ಕ. ವೇದಿಕೆಯ ಕೆಳಗೆ ಕುರ್ಚಿಗಳಲ್ಲಿ ಸಮಿತಿಯವರು ಕೂತಿದ್ದರು. ನಡುವೆ ರತ್ನಮಾಲಾಬಾಯಿ ಅಂತ ಒಬ್ಬ ಹೆಂಗಸು. ಒಳ್ಳೆಯವಳು, ನಮ್ಮ ಹಾಡು ಕನ್ನಡದ್ದು ಅಂತ ಪಕ್ಕದವನು ಮುಖ ಸಿಂಡರಿಸಿದಾಗ ಅವನ ಬಾಯಿ ಮುಚ್ಚಿಸಿದವಳು ಅವಳೇ. ಕರ್ನಾಟಕದವರು ನಮ್ಮನ್ನು ಮಹಾರಾಷ್ಟ್ರದವರು ಅನ್ನುತ್ತಾರೆ, ಮಹಾರಾಷ್ಟ್ರದವರು ಕನ್ನಡದವರು ಅನ್ನುತ್ತಾರೆ. ಅಂಥದರಲ್ಲಿ ಒಬ್ಬ ಹೆಂಗಸು ನಮ್ಮ ಪರ ಮಾತಾಡಿದ್ದು ದೊಡ್ಡದು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಾವು ಊರಿನ ಪದ್ಧತಿಯಂತೆ ಎದುರು ಬದುರು ನಿಂತೆವು. ಸತ್ಯಪ್ಪನ ಮುಖ ಕಾಡಪ್ಪನ ಕಡೆ, ಕಾಡಪ್ಪನ ಮುಖ ಸತ್ಯಪ್ಪನ ಕಡೆ. ಸಮಿತಿಯವರಿಗೆ ಕಾಣುವುದು ಬರೀ ಪಕ್ಕೆ. ಕಾಡಪ್ಪ ಸವಾಲು ಹಾಡಿ ಮುಗಿಸಿದ. ಸತ್ಯಪ್ಪ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಅಧಿಕಾರಿ ಕೈ ಬೀಸಿ, "ತೋಂಡ್ ಇಕಡೆ ಕರಾ" ಅಂದ. ಮುಖ ಈ ಕಡೆ ಮಾಡಿ ಅಂತ. ಹಿಂದೆ ನಿಂತಿದ್ದ ತಾನಾಜಿ ಓಡಿ ಬಂದು ಎಲ್ಲರನ್ನೂ ಭುಜ ಹಿಡಿದು ತಿರುಗಿಸಿ ಒಂದೇ ಸಾಲಿನಲ್ಲಿ ನಿಲ್ಲಿಸಿದ, ಶಾಲೆಯ ಹುಡುಗರನ್ನು ನಿಲ್ಲಿಸಿದಂತೆ.

ಸತ್ಯಪ್ಪ ಒಂದು ಗಳಿಗೆ ಸುಮ್ಮನಿರಬಹುದಿತ್ತು. ಬೇರೆ ಏನಾದರೂ ಪದ ಹಾಡಬಹುದಿತ್ತು, ನಮ್ಮಲ್ಲಿ ಪದಕ್ಕೇನು ಬರವೆ? ಆದರೆ ಎಳೆದ ಉಸಿರು ಒಳಗಿತ್ತು, ಜವಾಬು ನಾಲಿಗೆಯ ತುದಿಯಲ್ಲಿತ್ತು, ದೀಪದ ಬೆಳಕು ಮುಖಕ್ಕೆ ಹೊಡೆಯುತ್ತಿತ್ತು. ಹಾಡಿಬಿಟ್ಟ. ಬೀರಣ್ಣ ಕುಣಿದದ್ದು ಮೃಗಶಿರೆಯ ಗುಡುಗಿಗೆ, ಮೋಡವೇ ತೊಗಲು, ಮಿಂಚೇ ಬಾರಿಸುವ ಗುಣಿಕೆ ಅಂತ ಜವಾಬು. ಎಂಥಾ ಜವಾಬು ಅದು! ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸತ್ಯಪ್ಪ ಕುರ್ಚಿಗಳಿಗೆ ಕೈಮುಗಿದ. ಅವನ ಭುಜದ ಪಕ್ಕದಲ್ಲೇ ನಿಂತಿದ್ದ ಕಾಡಪ್ಪ ಡೊಳ್ಳು ಕೆಳಗಿಟ್ಟ.

ಬಸ್ಸಿನಲ್ಲಿ ಬರುವಾಗ ಕಾಡಪ್ಪ ಕಿಟಕಿಯ ಆಚೆ ಕಬ್ಬು ನೋಡುತ್ತ ಕೂತ. ಊರು ಮುಟ್ಟಿ, ಗುಡಿಯ ಮುಂದೆ ಸತ್ಯಪ್ಪ ಡೊಳ್ಳು ಇಟ್ಟು, "ಬಿಚ್ಚಪಾ ಇನ್ನ" ಅಂದ.

"ಜವಾಬು ಯಾರಿಗೆ ಕೊಟ್ಟಿ ಮಾಮಾ?"

"ನಿನಗ. ಮತ್ತ್ಯಾರಿಗೆ?"

"ನನ್ನ ಮಾರಿ ನೋಡಿದ್ಯೇನ? ಕುರ್ಚ್ಯಾಗ ಕುಂತವರಿಗೆ ಕೊಟ್ಟಿ. ಹೋಗಿ ಅವರ ಕಡಿಂದ ಬಿಚ್ಚಿಸ್ಕೊ."

"ಒಂದ ಸಲ ಮಾರಿ ತಿರುಗಿತಂತ ಇಷ್ಟ ಜಿದ್ದ ಏನೋ?"

"ಜಿದ್ದ ಅಲ್ಲ. ನಾ ಬಿಚ್ಚಿದ್ನಂದ್ರ ಇನ್ನಮ್ಯಾಲ ಎಲ್ಲಾರೂ ಕುರ್ಚಿಗೇ ಹಾಡತಾರ."

ಸತ್ಯಪ್ಪನಿಗೆ ತಪ್ಪು ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ತಪ್ಪು ಗೊತ್ತಾದವನಿಗೇ ಸಿಟ್ಟು ಜಾಸ್ತಿ. "ನೀ ಬಿಚ್ಚದಿದ್ರ ನಂದೇನ ಹೋತು? ಸರಕಾರ ಹೊಸಾ ಡೊಳ್ಳ ಕೊಡತೈತಿ. ಹೆಸರೂ ನಂದ ಐತಿ" ಅಂದುಬಿಟ್ಟ. ಕಾಡಪ್ಪ ತನ್ನ ಮೇಳದವರನ್ನು ಕರೆದುಕೊಂಡು ಹಳ್ಳ ದಾಟಿ ಹೋದ. ತಾರವ್ವ ನಡುವೆ ನಿಂತು ಒಮ್ಮೆ ಗಂಡನನ್ನು, ಒಮ್ಮೆ ತಮ್ಮನ ಬೆನ್ನನ್ನು ನೋಡಿದಳು. ಆಡಿದ ಮಾತು, ಒಡೆದ ಮುತ್ತು.

ಅನುದಾನ ಬಂತು. ಹೊಸ ಡೊಳ್ಳುಗಳೂ ಬಂದವು, ಕೆಂಪು ಬಣ್ಣ ಬಳಿದಂಥವು. ಒಂದೊಂದಕ್ಕೂ ಹಗ್ಗದ ತುದಿಯಲ್ಲಿ ಕರಿನೂಲಿನ ಗಂಟು! ಕೊಲ್ಲಾಪುರದಲ್ಲಿ ತೆಗೆದ ಫೋಟೋದಲ್ಲಿ ಅದು ಚೆಂದ ಕಂಡಿತ್ತಂತೆ. ಶೃಂಗಾರ ಅಂದುಕೊಂಡು ಎಲ್ಲದಕ್ಕೂ ಕಟ್ಟಿಸಿ ಕಳಿಸಿದ್ದರು. ಸತ್ಯಪ್ಪ ಎಲ್ಲವನ್ನೂ ತಿರುಗಿಸಿ ನೋಡಿದ. ಆಮೇಲೆ ಕುಡಗೋಲು ತಂದು ಗಂಟುಗಳನ್ನು ಒಂದೊಂದಾಗಿ ಕೊಯ್ದು ಹಾಕಿದ.

ಎದುರಿನ ಮೇಳ ಇಲ್ಲ ಅಂತ ಇದ್ದ ಒಂದು ಮೇಳವನ್ನೇ ಎರಡು ಮಾಡಿಕೊಂಡರು. ಸವಾಲನ್ನೂ ಸತ್ಯಪ್ಪನೇ ಕಲಿಸಬೇಕು, ಜವಾಬನ್ನೂ ಅವನೇ ಕಲಿಸಬೇಕು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಅಂತ ಗಾದೆ; ಸರಕಾರ ತಟ್ಟಿಸಿ ತೋರಿಸಿತು. ಬಿದ್ರಿಯ ಸಕ್ಕರೆ ಕಾರಖಾನೆಯ ಅಂಗಳದಲ್ಲಿ, ಕುರುಂದವಾಡದಲ್ಲಿ, ಎಲ್ಲೆಲ್ಲೋ ಕಾರ್ಯಕ್ರಮ ಆದವು. ಎರಡು ಸಲ ನಾನೂ ತಾಳ ಹಿಡಿದು ಹೋದೆ. ಗೊತ್ತಿದ್ದ ಜವಾಬಿಗೆ ಗೊತ್ತಿಲ್ಲದವರಂತೆ ಬಾಯಿ ತೆರೆದು ನಿಲ್ಲಬೇಕು. ನಾಚಿಕೆಯಾಗಿ ಬಿಟ್ಟುಬಂದೆ. ಮಾನಧನವೂ ಮಳೆಗಾಲದ ಬಿಸಿಲಿನಂತೆ, ಬಂದರೆ ಬಂತು. ಅದನ್ನು ನಂಬಿ ಯಾರೂ ಮಗ್ಗ ಬಿಟ್ಟು ಊರಿಗೆ ಬರಲಿಲ್ಲ.

ಆಚೆ ದಂಡೆಯ ಕಥೆ ಇನ್ನೂ ಬೇಗ ಮುಗಿಯಿತು. ಸವಾಲು ಹಾಕಲಿಕ್ಕೆ ಎದುರಾಳಿ ಇಲ್ಲ, ಯಾರಿಗಂತ ಹಾಡುತ್ತಾರೆ? ಒಬ್ಬೊಬ್ಬರೇ ಇಚಲಕರಂಜಿಯ ಬಸ್ಸು ಹತ್ತಿದರು. ಕೊನೆಗೆ ಕಾಡಪ್ಪನೂ ಕುರಿ ಮಾರಿ, ಇಚಲಕರಂಜಿಯಲ್ಲೇ ಇದ್ದ ಮಗಳು ಫಕೀರವ್ವನ ಮನೆಗೆ ಬಂದ. ನಾನೇ ನಮ್ಮ ಶೆಡ್ಡಿನಲ್ಲಿ ಕೆಲಸ ಹಚ್ಚಿಸಿದೆ. ಮಗ್ಗಗಳ ನಡುವೆ ಮೂಲೆಯಲ್ಲಿ ಕೂತು ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವ ಕೆಲಸ. ಉಣ್ಣೆ ಹೊಸೆದ ಬೆರಳಿಗೆ ಹತ್ತಿಯ ನೂಲು ಒಗ್ಗಿಕೊಂಡಿತು.

ಪಾವರ್‌ಲೂಮಿನ ಶೆಡ್ಡು ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಒಳಗೆ ಹೊಕ್ಕರೆ ಎದೆಯ ಗೂಡು ಸಹ ಖಡಕ್ ಖಡಕ್ ಅನ್ನುತ್ತದೆ. ಅಲ್ಲಿ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ. ತುಟಿ ನೋಡುತ್ತೇವೆ, ಬೆರಳು ನೋಡುತ್ತೇವೆ. ನೂಲು ಹರಿಯಿತು, ಚಾ ಬಂತು, ಮಾಲಕ ಬಂದ, ಎಲ್ಲದಕ್ಕೂ ಒಂದೊಂದು ಕೈಸನ್ನೆ. ಹೊರಗೆ ಬಂದ ಮೇಲೂ ಕೂಗಿಯೇ ಮಾತಾಡುತ್ತೇವೆ. ಕಾಡಪ್ಪ ಮಾತು ಕಡಿಮೆ ಮಾಡಿದ್ದ. ಊರಿನ ನೋವು ಇರಬಹುದು ಅಂದುಕೊಂಡೆ. "ಅಪ್ಪನ್ನ ಕರದ್ರ ಓ ಅನ್ನೂದಿಲ್ಲ, ಭಾಳ ಹಟಮಾರಿ ಆಗ್ಯಾನ" ಅಂತ ಫಕೀರವ್ವ ಗೊಣಗುತ್ತಿದ್ದಳು. ಅವನ ಸ್ವಭಾವ ಗೊತ್ತಿದ್ದ ನಮಗೆಲ್ಲ ಅದು ಸರಿಯಾಗಿಯೇ ಕಂಡಿತ್ತು.

ಎಂಬತ್ತೆಂಟರ ಹೊತ್ತಿಗೆ ಆ ಯೋಜನೆ ಮುಗಿದಿತ್ತು. ಬೇರೆ ಹೆಸರಿನ ಬೇರೆ ಯೋಜನೆ ಬಂದು, ಬೇರೆ ತಾಲೂಕಿನ ಬೇರೆ ಕಲೆಗೆ ಮರುಜೀವ ಕೊಡಲಿಕ್ಕೆ ಹೊರಟಿತ್ತು. ಕೆಂಪು ಡೊಳ್ಳುಗಳ ತೊಗಲು ಹರಿದು ಸತ್ಯಪ್ಪನ ಹಿತ್ತಲಲ್ಲಿ ಅವುಗಳೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹಳೆಯ ಡೊಳ್ಳು ಮಾತ್ರ ಕಂಬಳಿ ಹೊದ್ದು ಜಂತಿಯ ಮೇಲೆ ಕೂತಿತ್ತು. ಬೀರದೇವರ ಮುಂದೆ ಸರಕಾರದ ಡೊಳ್ಳನ್ನು ಸತ್ಯಪ್ಪ ಒಮ್ಮೆಯೂ ಬಾರಿಸಲಿಲ್ಲ. ಐದು ದೀಪಾವಳಿ ದೇವರು ಸಪ್ಪಳವಿಲ್ಲದೆ ಕೂತ.

ಆ ವರ್ಷ ಊರಿಗೆ ಹೋದಾಗ ಸತ್ಯಪ್ಪ ನನ್ನ ಕೈ ಹಿಡಿದ. ಅವನ ಕೂದಲು ಪೂರ್ತಿ ಬಿಳಿ. "ತಮ್ಮಣ್ಣ, ಇನ್ನೊಂದ ಜವಾಬು ಸಿಕ್ಕೈತಿ. ಗುಡುಗಿಗಿಂತ ಛಲೋ ಐತಿ. ಅಂವಾ ಕೇಳತಾನೇನ ನೋಡು. ಕೇಳಿದ್ರ ನಾನ ಬರ್ತೇನಿ, ಅಂವಾ ಬರೂದ ಬ್ಯಾಡ. ನಾ ಸಾಯೂದ್ರಾಗ ಈ ಡೊಳ್ಳ ಒಮ್ಮೆ ದೇವರ ಮುಂದ ನುಡೀಬೇಕು."

ಶೆಡ್ಡಿನಲ್ಲಿ ನಾನು ಕಾಡಪ್ಪನಿಗೆ ಬೆರಳಿನಿಂದಲೇ ಹೇಳಿದೆ: ಡೊಳ್ಳು, ಮಾಮಾ, ಗಂಟು. ಅವನು ಕಾಂಡಿಯ ಮೇಲಿನ ಕೈ ತೆಗೆದ. ಬಹಳ ದಿನದ ಮೇಲೆ ಅವನ ಹಲ್ಲು ಕಂಡವು. ಬರಲಿ ಅಂತ ಕೈ ಮಾಡಿದ.

ಕರೆಂಟು ಇಲ್ಲದ ವಾರದ ಸೂಟಿಯ ದಿನ ಸತ್ಯಪ್ಪ, ತಾರವ್ವ ಬಂದರು. ಡೊಳ್ಳನ್ನು ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಫಕೀರವ್ವನ ಮನೆಯ ಮುಂದಿನ ಅಂಗಳದಲ್ಲಿ ನೀರು ಹೊಡೆದು ಜಾಗ ಮಾಡಿದೆವು. ಕಾಡಪ್ಪ ತಲೆಗೆ ರುಮಾಲು ಸುತ್ತಿಕೊಂಡು ಬಂದ. ಸತ್ಯಪ್ಪನ ಕಾಲು ಮುಟ್ಟಿದ, ಅಕ್ಕನ ಕಾಲು ಮುಟ್ಟಿದ. ಯಾರೂ ಹಳೆಯ ಮಾತು ಎತ್ತಲಿಲ್ಲ. ಇಬ್ಬರೂ ಎದುರು ಬದುರು ನಿಂತರು, ಮುಖಕ್ಕೆ ಮುಖ. ತಾರವ್ವ ಭಂಡಾರ ಹಾರಿಸಿದಳು. ನಾನು ತಾಳ ಹಿಡಿದೆ.

ಸತ್ಯಪ್ಪ ಹಾಡಿದ. ಮುದಿ ಗಂಟಲು, ಆದರೂ ಒಂದು ಅಕ್ಷರ ತಪ್ಪಲಿಲ್ಲ.

ಅಡವ್ಯಾಗ ಬಿಟ್ಟ ಕೂಸ, ಅಳತಿತ್ತೊ ಹಸದ,
ಅಕ್ಕ ಮಾಯವ್ವ ಎತ್ತಿಕೊಂಡಾಳೊ,
ತೊಟ್ಟಿಲ ತೂಗುವ ಅಕ್ಕನ ಕೈಬಳಿ
ಸಪ್ಪಳಕ ಬೀರಣ್ಣ ಕುಣಿದಾನೊ.

ತಾರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಆ ಜವಾಬನ್ನು ಎಲ್ಲಿಂದ ತಂದನೆಂದು ಅವಳಿಗೆ ಆಗಲೇ ತಿಳಿದದ್ದು. ಓಣಿಯ ಜನ ಬಾಗಿಲಲ್ಲಿ ನಿಂತಿದ್ದರು. ಡೊಳ್ಳು ನಿಂತಿತು. ಕಾಡಪ್ಪ ಮಾತ್ರ ಸತ್ಯಪ್ಪನ ತುಟಿಯನ್ನೇ ನೋಡುತ್ತ ನಿಂತಿದ್ದ, ಇನ್ನೂ ಏನೋ ಬರಬೇಕಾಗಿದೆ ಅನ್ನುವ ಹಾಗೆ. ಆಮೇಲೆ ಮುಂದೆ ಬಂದು ಡೊಳ್ಳಿನ ತೊಗಲಿನ ಮೇಲೆ ಅಂಗೈ ಇಟ್ಟ.

"ಡೊಳ್ಳ ಗೊತ್ತಾತು ಮಾಮಾ" ಅಂದ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ. "ಕಾಲಾಗ ಗೊತ್ತಾತು, ಎದ್ಯಾಗ ಗೊತ್ತಾತು. ಮಾತ ಕೇಳಸ್ಲಿಲ್ಲ. ಹತ್ರ ನಿಂತು ಹಾಡಿದ್ರ ಕೇಳಿಸೀತು ಅಂತ ಮಾಡಿದ್ದೆ."

ಫಕೀರವ್ವ ಅಪ್ಪನ ಮುಖ ನೋಡಿ ಗೋಡೆಗೆ ಆತುಕೊಂಡಳು. ನಾನು ತಾಳ ಕೆಳಗಿಟ್ಟು ಅವನ ಎದುರು ಕೂತೆ. ಶೆಡ್ಡಿನ ಭಾಷೆಯಲ್ಲಿ, ತುಟಿಯಿಂದ, ಬೆರಳಿನಿಂದ ಹೇಳಿದೆ: ಕೂಸು, ತೊಟ್ಟಿಲು, ಅಕ್ಕ, ಬಳೆ. ಬಳೆ ಅನ್ನುವುದಕ್ಕೆ ನನ್ನ ಮಣಿಕಟ್ಟು ತಿರುಗಿಸಿ ತೋರಿಸಿದೆ. ಕಾಡಪ್ಪನಿಗೆ ತಿಳಿಯಿತು. ಅಕ್ಕನ ಕಡೆ ತಿರುಗಿದ, ಕಣ್ಣಲ್ಲಿ ನೀರು ಇಳಿಯಿತು.

"ಜವಾಬು ಖರೇ ಐತಿ. ನಾ ಹಾಕಿದಾಗ ನನಗೂ ಇಷ್ಟ ಛಲೋ ಜವಾಬು ಗೊತ್ತಿರಲಿಲ್ಲ."

"ಹಂಗಾರ ಬಿಚ್ಚಪಾ" ಅಂದಳು ತಾರವ್ವ, ಕೈಸನ್ನೆಯಲ್ಲಿ.

ಕಾಡಪ್ಪ ಗಂಟಿಗೆ ಬೆರಳು ಹಚ್ಚಿದ. ನೂಲು ವರ್ಷಗಳ ಭಂಡಾರ ಕುಡಿದು ಗಟ್ಟಿಯಾಗಿತ್ತು. ಉಗುರು ಒಳಗೆ ಹೋಯಿತು. ಅಲ್ಲಿಗೇ ನಿಂತ. ಮೆಲ್ಲಗೆ ಕೈ ಹಿಂದೆ ತೆಗೆದ.

"ತಮ್ಮಣ್ಣನ ಬೆರಳ ನೋಡೇನಿ. ಹಾಡ ಕೇಳಿಲ್ಲ ಅಕ್ಕಾ. ಕೇಳದ ಬಿಚ್ಚಿದ್ರ ದೇವರ ಮುಂದ ಸುಳ್ಳ ನುಡೀತೈತಿ ಇದು."

ನನಗೆ ರೇಗಿಹೋಯಿತು. ಯಾವ ದೇವರು ಬಂದು ಕೇಳುತ್ತಾನೆ, ಬಿಚ್ಚಿ ಒಗೆ ಅಂತ ಕೂಗಬೇಕು ಅನ್ನಿಸಿತು. ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಸತ್ಯಪ್ಪನ ಕಡೆ ನೋಡಿದೆ, ಇವನಾದರೂ ಜಗಳ ತೆಗೆಯಲಿ ಅಂತ. ಅವನು ಡೊಳ್ಳನ್ನು ಕಳಚಿ ಕೆಳಗಿಟ್ಟು, "ಬ್ಯಾಡ, ಬಿಚ್ಚಬ್ಯಾಡ. ಅಂವಾ ಹೇಳೂದ ಬರೋಬರಿ ಐತಿ" ಅಂದ. ಗುಡಿಯ ಮುಂದೆ ಜೀವನವಿಡೀ ಒಂದು ಮಾತಿಗೂ ಒಪ್ಪದವರು ಆ ದಿನ ಒಪ್ಪಿದರು. ಗುಡುಗಿನ ಜವಾಬು ಕುರ್ಚಿಗೆ ಹೋಯಿತು, ಬಳೆಯ ಜವಾಬು ಗಾಳಿಗೆ ಹೋಯಿತು. ಎರಡೂ ಎಂಜಲು. ಮೂರನೆಯದು ಹೊಳೆದರೂ ಕೇಳುವ ಕಿವಿ ಇಲ್ಲ.

ಇಬ್ಬರೂ ಕೂಡಿ ಡೊಳ್ಳನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದರು. ಊರು ಮುಟ್ಟಿದ ಕೂಡಲೆ ತಾನೇ ಅದನ್ನು ಗುಡಿಯ ತೊಲೆಗೆ ಏರಿಸುತ್ತೇನೆ, ಕಾಡಪ್ಪ ಸಾಯುವತನಕ ಕಾಯುವುದಿಲ್ಲ ಅಂತ ಸತ್ಯಪ್ಪ ನನಗೆ ಹೇಳಿದ. ಏರಿಸಿದ ಕೂಡ. ಈಗಲೂ ಅಲ್ಲೇ ಇದೆ.

ಬಸ್ಸು ಹತ್ತುವ ಮೊದಲು ಕಾಡಪ್ಪ ಅಕ್ಕನ ಮುಂದೆ ಬಗ್ಗಿ, ತನ್ನ ಕಿವಿಯನ್ನು ಅವಳ ಕೈಯ ಹತ್ತಿರ ತಂದ. ತಾರವ್ವ ತೊಟ್ಟಿಲು ತೂಗುವ ಹಾಗೆ ಕೈ ಆಡಿಸಿದಳು. ಹಸಿರು ಗಾಜಿನ ಬಳೆ, ಮೊಣಕೈತನಕ. ಸ್ಟ್ಯಾಂಡಿನ ಗದ್ದಲದಲ್ಲೂ ನನಗೆ ಸ್ಪಷ್ಟ ಕೇಳಿಸಿತು. ಅವಳು ಬಹಳ ಹೊತ್ತು ಆಡಿಸಿದಳು. ಕಾಡಪ್ಪ ಕಣ್ಣು ಮುಚ್ಚಿ ಕಾದ, ಆಮೇಲೆ ಇಲ್ಲ ಅಂತ ತಲೆ ಅಲ್ಲಾಡಿಸಿದ.

ಮರುದಿನ ಕರೆಂಟು ಬಂತು. ನಾವಿಬ್ಬರೂ ಪಾಳಿಗೆ ಹೋದೆವು.